ಆರ್ಡರ್ ಕೈಗೆ ಬಂದ ಮೇಲೆ ಶುರುವಾಗುವ ಕಿರುಕುಳ

(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ನಿಮ್ಮಲ್ಲಿ ಕೆಲವರು ಈ ವರ್ಷ ಡಿಗ್ರಿ ಮುಗಿಸ್ತೀರಿ. ಒಬ್ಬರು ಎಸ್‌ಡಿಎ ಆಗಬಹುದು, ಇನ್ನೊಬ್ಬರು ಮೇಷ್ಟ್ರಾಗಬಹುದು, ಮತ್ತೊಬ್ಬರು ಬೆಂಗಳೂರಿನ ಕಂಪನಿ ಸೇರಬಹುದು. ಆರ್ಡರ್ ಬಂದ ದಿನ ಕೇರಿಗೆ ಕೇರಿಯೇ ಹಬ್ಬ ಮಾಡುತ್ತದೆ. ಆದರೆ ಆಫೀಸಿನ ಹೊಸಲು ದಾಟಿದ ಮೇಲೆ ಏನು ಕಾದಿದೆ ಅನ್ನೋದನ್ನ ಯಾವ ಪಠ್ಯಪುಸ್ತಕವೂ ಹೇಳೋದಿಲ್ಲ. ಅದಕ್ಕೇ ನಿಮ್ಮ ಹತ್ತಿರ ಈಗಲೇ ಮಾತಾಡ್ತಿದ್ದೇವೆ.

ಕೆಲಸದ ಜಾಗದ ಕಿರುಕುಳ ಅಂದರೆ ಏನು? ಸಾಹೇಬರು ಒಂದು ದಿನ ತಪ್ಪು ಹಿಡಿದು ಗದರಿದರೆ ಅದು ಕಿರುಕುಳ ಅಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಬೇಕು. ಕಿರುಕುಳ ಒಬ್ಬನನ್ನೇ ಆರಿಸಿಕೊಂಡು ದಿನಾ ನಡೆಯುತ್ತದೆ. ಮೊದಲು ಮಾತು ನಿಲ್ಲುತ್ತದೆ. ಎಲ್ಲರೂ ಟೀಗೆ ಎದ್ದಾಗ ನಿಮ್ಮನ್ನು ಕರೆಯೋದಿಲ್ಲ. ಆಮೇಲೆ "ಕೋಟಾದಲ್ಲಿ ಬಂದೋನು" ಅನ್ನೋ ಮಾತು, ಬೆನ್ನ ಹಿಂದೆ, ನಿಮ್ಮ ಕಿವಿಗೆ ಬೀಳುವಷ್ಟು ಜೋರಾಗಿ. ಆಮೇಲೆ ಹಳೇ ಫೈಲು ಕೊಡೋದಿಲ್ಲ, ಕೆಲಸ ಕಲಿಸೋದಿಲ್ಲ, ಮೀಟಿಂಗ್ ಇದೆ ಅಂತ ತಿಳಿಸೋದಿಲ್ಲ. ಕೆಲಸ ಕೆಟ್ಟಾಗ "ಇವರಿಗೆ ಬರಲ್ಲ ಅಂತ ಮೊದಲೇ ಹೇಳಿದ್ವಲ್ಲ" ಅಂತಾರೆ. ಕೊನೆಗೆ ಮೆಮೋ, ಗೌಪ್ಯ ವರದಿಯಲ್ಲಿ ಕೆಟ್ಟ ಷರಾ, ದೂರದೂರಿಗೆ ವರ್ಗ. ಕಲಿಸದೇ ಇದ್ದೋರು ಅವರು, ಕಲಿಯಲಿಲ್ಲ ಅಂತ ಶಿಕ್ಷೆ ನಮಗೆ.

ಬಾಬಾಸಾಹೇಬರಿಗಿಂತ ಹೆಚ್ಚು ಓದಿದವರು ನಮ್ಮಲ್ಲಿ ಯಾರಿದ್ದಾರೆ? ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದರು. ಜವಾನರು ಮೈಲಿಗೆ ಅಂತ ಫೈಲುಗಳನ್ನು ದೂರದಿಂದಲೇ ಅವರ ಮೇಜಿಗೆ ಎಸೆದರು. ಕಚೇರಿಯಲ್ಲಿ ಕುಡಿಯೋ ನೀರಿಗೂ ತಡೆ. ಊರಲ್ಲಿ ಇರೋಕೆ ಜಾಗವಿಲ್ಲ. ಪಾರ್ಸಿ ವಸತಿಗೃಹದಲ್ಲಿ ಇಳಿದುಕೊಂಡಿದ್ದಾಗ ದೊಣ್ಣೆ ಹಿಡಿದು ಬಂದವರು ಸಂಜೆಯೊಳಗೆ ಖಾಲಿ ಮಾಡು ಅಂದರು. 1918ರಲ್ಲಿ ಮುಂಬೈಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಅಲ್ಲೂ ಅಧ್ಯಾಪಕರ ನೀರಿನ ಹೂಜಿ ಮುಟ್ಟಿದ್ದಕ್ಕೆ ಸಹೋದ್ಯೋಗಿಗಳ ಆಕ್ಷೇಪ. ಇದರಿಂದ ಒಂದು ಮಾತು ತಿಳೀರಿ. ಇಂಥ ಕಿರುಕುಳ ಕೊಡೋನು ನಿಮ್ಮ ಕೆಲಸ ನೋಡಿ ಕೊಡ್ತಿಲ್ಲ. "ನನ್ನಲ್ಲೇ ಏನೋ ಕೊರತೆ ಇರಬೇಕು" ಅಂತ ನಿದ್ದೆಗೆಡಬೇಡಿ.

ಇದೆಲ್ಲಾ ಹಳೇ ಕಾಲದ ಕತೆ ಅನ್ನೋರಿದ್ದಾರೆ. 2019ರ ಮೇ ತಿಂಗಳಲ್ಲಿ ಮುಂಬೈಯ ಆಸ್ಪತ್ರೆಯಲ್ಲಿ ಓದುತ್ತಾ ದುಡಿಯುತ್ತಿದ್ದ ಆದಿವಾಸಿ ವೈದ್ಯೆ ಡಾ. ಪಾಯಲ್ ತಡ್ವಿ ಪ್ರಾಣ ಕಳಕೊಂಡರು. ಹಿರಿಯ ವೈದ್ಯೆಯರು ಮೂವರು ಜಾತಿ ಹಿಡಿದು ಹಿಂಸಿಸಿದರು ಅಂತ ಮೊಕದ್ದಮೆ ಹೂಡಲಾಯಿತು. ಅದೇ ವರ್ಷ ಪಾಯಲ್ ಅವರ ತಾಯಿಯೂ, 2016ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡ ರೋಹಿತ್ ವೇಮುಲ ಅವರ ತಾಯಿಯೂ ಕೂಡಿ ಸುಪ್ರೀಂ ಕೋರ್ಟಿಗೆ ಹೋದರು. ಮಕ್ಕಳು ಸತ್ತ ಮೇಲೆ ತಾಯಂದಿರು ಕೋರ್ಟು ಹತ್ತುವ ಹಾಗಾಗಬಾರದು. ಬದುಕಿರುವಾಗಲೇ ನಾವು ಪಕ್ಕದಲ್ಲಿ ನಿಲ್ಲಬೇಕು.

ಹಾಗಾದರೆ ಏನು ಮಾಡೋದು?

ಒಂದು, ಕೈ ಎತ್ತಬೇಡಿ. ನೀವು ಒಂದೇಟು ಹೊಡೆದರೆ ಅವರು ವರ್ಷವೆಲ್ಲಾ ಕೊಟ್ಟ ಹಿಂಸೆ ಮರೆತುಹೋಗುತ್ತದೆ, ನಿಮ್ಮ ಒಂದೇಟು ಮಾತ್ರ ಕಡತ ಸೇರುತ್ತದೆ. ಸಿಟ್ಟಿನಲ್ಲಿ ರಾಜೀನಾಮೆ ಬರೀಬೇಡಿ. ಹೇಳದೆ ಕೇಳದೆ ಮನೇಲಿ ಕೂರಬೇಡಿ. ಅನಧಿಕೃತ ಗೈರುಹಾಜರಿ ಅಂತ ಅದೇ ಅವರ ಕೈಗೆ ಕೋಲಾಗುತ್ತದೆ.

ಎರಡು, ಬರೆದಿಡಿ. ದಿನಾಂಕ, ಹೊತ್ತು, ಜಾಗ, ಆಡಿದ ಮಾತು ಆಡಿದ ಹಾಗೇ, ಎದುರಿಗೆ ಇದ್ದವರ ಹೆಸರು. ಆವತ್ತೇ ಬರೀರಿ. ಆ ಪುಸ್ತಕ ಆಫೀಸಿನ ಡ್ರಾಯರಿನಲ್ಲಿ ಇಡಬೇಡಿ. ಮೊಬೈಲಿಗೆ ಬಂದ ಮೆಸೇಜು ಅಳಿಸಬೇಡಿ. ಬಾಯಿಮಾತಿನ ಹುಕುಂ ಬಂದರೆ "ತಾವು ಈ ದಿನ ಮೌಖಿಕವಾಗಿ ಸೂಚಿಸಿದಂತೆ" ಅಂತ ಎರಡು ಸಾಲು ಬರೆದು ಕೊಡಿ. ಪ್ರತಿ ಅರ್ಜಿಯ ನಕಲಿಗೂ ಸ್ವೀಕೃತಿ ಸಹಿ, ಮೊಹರು ಹಾಕಿಸಿಕೊಳ್ಳಿ. ತಗೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಮೂರು, ಮೆಮೋ ಬಂದರೆ ಹೆದರಬೇಡಿ, ಗಡುವಿನೊಳಗೆ ಉತ್ತರ ಕೊಡಿ. ಸರ್ಕಾರಿ ನೌಕರನ ಗೌಪ್ಯ ವರದಿಯಲ್ಲಿ ಏನೇ ಬರೆದರೂ ಅದನ್ನು ಅವನಿಗೆ ತಿಳಿಸಲೇಬೇಕು ಅಂತ 2008ರಲ್ಲಿ ದೇವ್ ದತ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಳಿ ಪಡೆಯಿರಿ, ಆಕ್ಷೇಪಣೆ ಬರೆಯಿರಿ. ಕಡತದ ನಕಲು ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ.

ನಾಲ್ಕು, ಗುಮಾಸ್ತನಾಗಿ ಸೇರಿದವನಿಗೆ ಲೋಟ ತೊಳಿ, ಕಸ ಗುಡಿಸು ಅಂದರೆ ಅದು ಯಾವ ಆದೇಶದ ಪ್ರಕಾರ ಅಂತ ಬರಹದಲ್ಲಿ ಕೇಳಿ. ಜೈಲುಗಳಲ್ಲಿ ಜಾತಿ ನೋಡಿ ಕಸಗುಡಿಸೋ ಕೆಲಸ, ಅಡುಗೆ ಕೆಲಸ ಹಂಚುತ್ತಿದ್ದ ನಿಯಮಗಳನ್ನು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ ಅರ್ಜಿ ಅದು. ಕೈದಿಗೇ ಜಾತಿ ನೋಡಿ ಕೆಲಸ ಕೊಡಬಾರದು ಅಂದ ಮೇಲೆ ನೌಕರನಿಗೆ ಕೊಡೋದು ಯಾವ ನ್ಯಾಯ?

ಈಗ ಕಾನೂನಿನ ಮಾತು. 1989ರ ದೌರ್ಜನ್ಯ ತಡೆ ಕಾಯ್ದೆ ನಮ್ಮ ಕೈಯಲ್ಲಿದೆ. ಪರಿಶಿಷ್ಟರಲ್ಲದವರು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಮ್ಮನ್ನು ಜಾತಿ ಹೆಸರು ಹಿಡಿದು ಬೈದರೆ, ಬೇಕೆಂದೇ ಹೀನಾಯ ಮಾಡಿದರೆ ಅಪರಾಧ. ಆದರೆ ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಈ ಕಲಮಿಗೆ ಬರೋದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎದುರಿಗಿದ್ದವರ ಹೆಸರು ಬರೆದಿಡಿ ಅಂದದ್ದು ಇದಕ್ಕೇ. ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ 2018ರ ತಿದ್ದುಪಡಿ ಇದೆ. ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಎಸ್‌ಪಿಯವರಿಗೆ ಬರಹದಲ್ಲಿ ಕಳಿಸಿ. ನಮ್ಮ ರಾಜ್ಯದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇದೆ. ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಆಯೋಗಕ್ಕೆ ಸಂವಿಧಾನದ 338ನೇ ವಿಧಿಯಲ್ಲಿ ಅಧಿಕಾರಿಗಳನ್ನು ಕರೆಸಿ ಕೇಳುವ ಅಧಿಕಾರ ಇದೆ.

ಒಂದು ಎಚ್ಚರಿಕೆ. ಜಾತಿ ಮಾತು ಆಡದ ಕಡೆ ಆಡಿದರು ಅಂತ ಬರೀಬೇಡಿ. ಒಂದು ಸುಳ್ಳು ಹತ್ತು ನಿಜದ ದೂರುಗಳ ಬಾಯಿಗೆ ಮಣ್ಣು ಹಾಕುತ್ತದೆ. ಜಾತಿ ಇಲ್ಲದ ಕಿರುಕುಳಕ್ಕೂ ಮೇಲಧಿಕಾರಿ ಇದ್ದಾರೆ, ನೌಕರರ ಸಂಘ ಇದೆ.

ತಂಗಿಯರೇ, ನಿಮಗೆ ಎರಡು ಕಡೆಯ ಏಟು. ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ. ಹತ್ತು ಜನ ಅಥವಾ ಹೆಚ್ಚು ನೌಕರರು ಇರುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ. ಮೂರು ತಿಂಗಳೊಳಗೆ ದೂರು ಕೊಡಬೇಕು. ಈ ಕಾಯ್ದೆ ಯಾರೂ ದಾನ ಕೊಟ್ಟದ್ದಲ್ಲ. ರಾಜಸ್ಥಾನದ ಕುಂಬಾರ ಜಾತಿಯ ಭಂವರಿ ದೇವಿ ಬಾಲ್ಯವಿವಾಹ ತಡೆಯೋ ಸರ್ಕಾರಿ ಕೆಲಸ ಮಾಡ್ತಿದ್ದರು. ಆ ಕಾರಣಕ್ಕೇ 1992ರಲ್ಲಿ ಅವರ ಮೇಲೆ ಅತ್ಯಾಚಾರ ನಡೆಯಿತು. ಆಕೆ ಬಾಯಿ ಮುಚ್ಚಿಕೊಳ್ಳಲಿಲ್ಲ. ಅದರಿಂದ 1997ರ ವಿಶಾಖಾ ತೀರ್ಪು ಬಂತು, ಆಮೇಲೆ ಕಾಯ್ದೆ ಬಂತು.

ಕಾನೂನಿಗಿಂತ ಮೊದಲು ಬೇಕಾದ್ದು ಜೊತೆಗಾರರು. ಕಿರುಕುಳ ಕೊಡೋರು ಒಂಟಿಯಾದವರನ್ನೇ ಹುಡುಕುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಅಲ್ಲಿರುವ ನಮ್ಮವರನ್ನು, ಜಾತಿ ಮೀರಿದ ಒಳ್ಳೆಯವರನ್ನು ಪರಿಚಯ ಮಾಡಿಕೊಳ್ಳಿ. ನೌಕರರ ಸಂಘದ ಸದಸ್ಯರಾಗಿ. ಊಟ ಸೇರದಿದ್ದರೆ, ಜೀವ ಬೇಡ ಅನ್ನಿಸಿದರೆ, ಆ ಹೊತ್ತೇ ಗೆಳೆಯರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ನೌಕರಿ ಹೋದರೆ ಇನ್ನೊಂದು ಹುಡುಕೋಣ, ನೀವು ಹೋದರೆ ಎಲ್ಲಿ ಹುಡುಕೋಣ?

ಇನ್ನು ನಮ್ಮ ಒಳಗಿನ ಮಾತು. ಈ ಹಾಸ್ಟೆಲಿನಲ್ಲೇ ಸೀನಿಯರು ಜೂನಿಯರ ಕೈಲಿ ಬಟ್ಟೆ ಒಗೆಸೋದು, ನಮ್ಮ ನಮ್ಮಲ್ಲೇ ಎಡ ಬಲ ಅಂತ ತಟ್ಟೆ ಬೇರೆ ಇಡೋದು, ಅಡುಗೆಯಮ್ಮನನ್ನು, ಕಕ್ಕಸು ತೊಳೆಯೋ ಅಣ್ಣನನ್ನು ಏಕವಚನದಲ್ಲಿ ಕೂಗೋದು ನಡೀತಿಲ್ಲವೇ? ಇದೂ ಕೆಲಸದ ಜಾಗದ ಕಿರುಕುಳವೇ. ನಾಳೆ ಸಾಹೇಬರಾಗಿ ಪೌರಕಾರ್ಮಿಕರ ಮೇಲೆ ಕೂಗೋ ಬಾಯಿ ಇಲ್ಲಿಯೇ ತಯಾರಾಗುತ್ತದೆ. ಇದನ್ನು ಇವತ್ತಿನಿಂದಲೇ ನಿಲ್ಲಿಸಿ.

ಕೊನೆಯದಾಗಿ ಒಂದು ಕೆಲಸ ಒಪ್ಪಿಸುತ್ತೇವೆ. ಪ್ರತಿ ಹಾಸ್ಟೆಲಿನಲ್ಲೂ ಒಂದು ಪುಸ್ತಕ ಇಡಿ. ಇಲ್ಲಿಂದ ಹೋಗಿ ನೌಕರಿ ಸೇರಿದವರ ಹೆಸರು, ಊರು, ಇಲಾಖೆ ಅದರಲ್ಲಿ ಬರೀರಿ. ತಿಂಗಳಿಗೊಮ್ಮೆ ಅವರಿಗೆ ಫೋನು ಮಾಡಿ, ಹೇಗಿದ್ದೀರಿ ಅಂತ ಕೇಳಿ. ಕಷ್ಟ ಅಂದರೆ ನಾಲ್ಕು ಜನ ಹೋಗಿ ಆ ಆಫೀಸಿನ ಬಾಗಿಲಲ್ಲಿ ನಿಂತು, ಮೇಲಧಿಕಾರಿಯನ್ನು ಮರ್ಯಾದೆಯಿಂದಲೇ ಮಾತಾಡಿಸಿ ಬನ್ನಿ. ಈ ಹುಡುಗನಿಗೆ, ಈ ಹುಡುಗಿಗೆ ಜನ ಇದ್ದಾರೆ ಅಂತ ಆಫೀಸಿಗೆ ಗೊತ್ತಾಗಲಿ.

ಜೈಭೀಮ್.