ಕೀಲುಬೇನೆಯ ಮದ್ದನ್ನು ತೂಗುವ ಬಗೆ

(ಗಿರಣಿ ಕಾರ್ಮಿಕರ ಹಾಗೂ ಪೇಟೆಯ ಸಣ್ಣ ವ್ಯಾಪಾರಿಗಳ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತು ಬೋನಸ್ಸಿನ ಮಾತನ್ನು ಬದಿಗಿಟ್ಟು ಬೇನೆಯ ಮಾತು ಆಡಬೇಕಾಗಿದೆ. ಕಾರಣ ಹೇಳುತ್ತೇವೆ.

ಹೋದ ತಿಂಗಳು ವೈಂಡಿಂಗ್ ಖಾತೆಯ ಒಬ್ಬ ತಾಯಿ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಹದಿನಾಲ್ಕೇ ಮೆಟ್ಟಿಲು, ನಡುವೆ ಎರಡು ಸಲ ನಿಂತರು. ಕೈಯಲ್ಲಿ ಒಂದು ದೊಡ್ಡ ದವಾಖಾನೆಯವರು ಕೊಟ್ಟ ನಾಲ್ಕು ಹಾಳೆಯ ಕಾಗದವಿತ್ತು. ಅದೆಲ್ಲ ಇಂಗ್ಲಿಷು. "ಮಾಸ್ತರೆ, ಇದಕ್ಕೆ ಸಹಿ ಹಾಕಿದರೆ ಹೊಸ ಔಷಧ ಪುಕ್ಕಟೆ ಕೊಡುತ್ತಾರಂತೆ. ಮಗ ಮಾತ್ರ ನಿನ್ನನ್ನು ಇಲಿ ಮಾಡುತ್ತಾರೆ, ಬೇಡ ಅನ್ನುತ್ತಾನೆ. ಹಾಕಲೋ, ಬಿಡಲೋ?" ಎಂದು ಕೇಳಿದರು.

ನಾವು ಓದಿದ್ದು ಮೆಟ್ರಿಕ್. ಎಂಟು ವರ್ಷ ಹುಡುಗರಿಗೆ ಲೆಕ್ಕ ಹೇಳಿಕೊಟ್ಟು ಆಮೇಲೆ ಈ ಕೆಲಸಕ್ಕೆ ಬಂದವರು. ಕಾಗದ ತಿರುವಿ ನೋಡಿದೆವು, ಉತ್ತರ ಹೊಳೆಯಲಿಲ್ಲ. "ಸ್ವಲ್ಪ ದಿನ ತಡೆಯಿರಿ" ಎಂದು ಹೇಳಿ ಕಳಿಸಿದೆವು. ಪರಿಚಯದ ಇಬ್ಬರು ಡಾಕ್ಟರ ಬಳಿ ಕೂತು, ಅವರು ಕೊಟ್ಟದ್ದನ್ನು ಓದಿ, ತಿಳಿಯದ್ದನ್ನು ಮತ್ತೆ ಕೇಳಿ, ತಿಳಿದಷ್ಟನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇವೆ. ಈ ಸಭೆಯಲ್ಲಿ ಬೆಳಿಗ್ಗೆ ಮುಷ್ಟಿ ಕಟ್ಟಲು ಬಾರದ ಕೈಗಳು ಇನ್ನೂ ಕೆಲವು ಇರಬೇಕು.

ಕೀಲುಬೇನೆಯೆಲ್ಲ ಒಂದೇ ಅಲ್ಲ. ವಯಸ್ಸಾಗಿ ಮೊಣಕಾಲು ಸವೆದು ನೋಯುವುದು ಬೇರೆ. ಈ ತಾಯಿಯದು ಉರಿಯೂತದ ಸಂಧಿವಾತ. ಅದರಲ್ಲಿಯೂ ಡಾಕ್ಟರು ರುಮಟಾಯ್ಡ್ ಎಂದು ಕರೆಯುವ ಜಾತಿ. ರೋಗಾಣುವಿನೊಡನೆ ಕಾದಬೇಕಾದ ಮೈಯ ರಕ್ಷಣಾಪಡೆಯೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಪೊರೆ ಬಾತು, ಕಡೆಗೆ ಪಕ್ಕದ ಎಲುಬನ್ನೂ ತಿನ್ನುತ್ತದೆ. ಬೆರಳ ಬುಡದ ಗೆಣ್ಣು, ಮಣಿಕಟ್ಟು ಸಾಮಾನ್ಯವಾಗಿ ಎರಡೂ ಕೈಗಳಲ್ಲಿ ಊದಿಕೊಳ್ಳುತ್ತವೆ. ನಿದ್ದೆಯಿಂದ ಎದ್ದಾಗ ಬಿಗಿದ ಕೈ ಸಡಿಲಾಗಲು ತಾಸು ಹೊತ್ತು ಹಿಡಿಯುವುದುಂಟು. ಬೆಳಗಿನ ಏಳಕ್ಕೆ ದಾರದ ಗಂಟು ಹಾಕಲಾರದ ಕೈ ಹತ್ತು ಗಂಟೆಗೆ ಹಾಕುತ್ತದೆ. ಇದನ್ನು ಕಂಡೇ ಜಾಬರನು ಆ ತಾಯಿಗೆ "ಕಳ್ಳಾಟದವಳು" ಎಂಬ ಬಿರುದು ದಯಪಾಲಿಸಿದ್ದು. ಬೇನೆಗೆ ಗಡಿಯಾರವಿದೆ ಎಂಬುದು ಜಾಬರನಿಗೆ ಯಾರು ಹೇಳಬೇಕು?

ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ಇನ್ನೊಂದು ಸಂಗತಿಯನ್ನು ಗಿರಣಿಯವರು ಕಿವಿಗೊಟ್ಟು ಕೇಳಬೇಕು. ಮಲೇಶಿಯಾದಲ್ಲಿ ಈ ರೋಗ ಹೊಸದಾಗಿ ಹತ್ತಿದ 910 ಹೆಂಗಸರನ್ನೂ ಅದೇ ವಯಸ್ಸಿನ, ರೋಗವಿಲ್ಲದ 910 ಹೆಂಗಸರನ್ನೂ ವಿಚಾರಿಸಿ ನೋಡಿದರು. ಬಟ್ಟೆ ಗಿರಣಿಯ ಧೂಳಿನಲ್ಲಿ ದುಡಿದವರಿಗೆ ಈ ರೋಗ ತಗಲುವ ಸಂಭವ ಉಳಿದವರಿಗಿಂತ ಮೂರು ಪಟ್ಟಿನ ಹತ್ತಿರ ಹೆಚ್ಚೆಂದು ಕಂಡುಬಂತು. 2016ರಲ್ಲಿ ಅದು ಅಚ್ಚಾಯಿತು. ಒಂದು ಅಧ್ಯಯನದಿಂದ ಧೂಳೇ ಕಾರಣವೆಂದು ತೀರ್ಪು ಕೊಡಲಾಗದು, ನಿಜ. ಆದರೂ ಹತ್ತಿಯ ಧೂಳು ಪುಪ್ಪುಸಕ್ಕೆ ಮಾತ್ರ ಕೆಟ್ಟದ್ದೆಂದು ನಾವು ತಿಳಿದಿದ್ದೆವು. ಈಗ ಕೈಯ ಕೀಲನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿದೆ.

ಇನ್ನು ಮದ್ದಿನ ಮಾತು. ರೋಗಿಗಳ ಮೇಲೆ ಸಂಶೋಧನೆ ಎಂದೊಡನೆ ನಮ್ಮ ಜನ ಬೆಚ್ಚುತ್ತಾರೆ. ಹೆದರಿಕೆಗೆ ಕಾರಣವುಂಟು. ಆದರೆ ಸಂಶೋಧನೆ ಮಾಡದೆ ಔಷಧ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ರೋಗದ ಇತಿಹಾಸವೇ ಸಾಕ್ಷಿ.

ಅಮೇರಿಕಾದ ರೋಚೆಸ್ಟರ್ ಊರಿನಲ್ಲಿ ಮೇಯೋ ಕ್ಲಿನಿಕ್ ಎಂಬ ಹೆಸರಾಂತ ದವಾಖಾನೆಯಿದೆ. ಅಲ್ಲಿನ ಫಿಲಿಪ್ ಹೆಂಚ್ ಎಂಬ ಡಾಕ್ಟರು 1929ರಲ್ಲಿ ಒಂದು ವಿಚಿತ್ರ ಕಂಡರು. ಸಂಧಿವಾತದ ರೋಗಿಯೊಬ್ಬನಿಗೆ ಕಾಮಾಲೆ ಬಂತು. ಬಂದೊಡನೆ ಕೀಲುಬೇನೆ ಇಳಿಯಿತು. ಬಸುರಿಯರಲ್ಲಿಯೂ ಬೇನೆ ಇಳಿಯುವುದನ್ನು ಅವರು ಗಮನಿಸಿದರು. ಮೈಯೊಳಗೇ ಇದಕ್ಕೊಂದು ಮದ್ದು ಹುಟ್ಟುತ್ತಿರಬೇಕು ಎಂದು ಸುಮಾರು ಇಪ್ಪತ್ತು ವರ್ಷ ಅದರ ಬೆನ್ನು ಹತ್ತಿದರು. ಅದೇ ಕ್ಲಿನಿಕ್ಕಿನ ಕೆಂಡಾಲ್ ಎಂಬ ರಸಾಯನ ಪಂಡಿತರು ಮೂತ್ರಪಿಂಡದ ಮೇಲಿನ ಗ್ರಂಥಿಯಿಂದ ಒಂದು ವಸ್ತುವನ್ನು ಬೇರ್ಪಡಿಸಿದ್ದರು. ಅದನ್ನು ಎತ್ತಿನ ಪಿತ್ತರಸದಿಂದ ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ಹರಸಾಹಸದಿಂದ ತಯಾರಿಸಬೇಕಾಗಿತ್ತು. 1948ರ ಸೆಪ್ಟೆಂಬರ್ 21ರಂದು ಹಾಸಿಗೆ ಹಿಡಿದಿದ್ದ 29 ವರ್ಷದ ಹೆಂಗಸೊಬ್ಬಳಿಗೆ ಅದರ ಮೊದಲ ಸೂಜಿಮದ್ದು ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಪೇಟೆಗೆ ಹೋಗಿ ಮೂರು ತಾಸು ಸುತ್ತಿ ಬಂದಳು. ಅದೇ ಕಾರ್ಟಿಸೋನ್.

1949ರ ಏಪ್ರಿಲಿನಲ್ಲಿ ಡಾಕ್ಟರುಗಳ ಸಭೆಯಲ್ಲಿ ಬಣ್ಣದ ಚಿತ್ರ ತೋರಿಸಿದರು. ಮೊದಲು ತೆವಳುವ ರೋಗಿ, ಆಮೇಲೆ ಮೆಟ್ಟಿಲು ಹತ್ತಿಳಿಯುವ ಅದೇ ರೋಗಿ. ಪವಾಡವೆಂದು ಪತ್ರಿಕೆಗಳು ಕೂಗಿದವು. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ಬಂತು.

ಆಮೇಲಿನ ಕತೆಗೆ ಬಣ್ಣದ ಚಿತ್ರವಿಲ್ಲ. ಮದ್ದು ನಿಲ್ಲಿಸಿದರೆ ಬೇನೆ ಮರಳಿ ಬರುತ್ತಿತ್ತು. ಹೆಚ್ಚು ಪ್ರಮಾಣದಲ್ಲಿ ಬಹುಕಾಲ ಕೊಟ್ಟರೆ ಮುಖ ಚಂದ್ರನಂತೆ ಊದುತ್ತಿತ್ತು, ಎಲುಬು ಟೊಳ್ಳಾಗುತ್ತಿತ್ತು, ಸೋಂಕು ಬೇಗ ತಗಲುತ್ತಿತ್ತು, ಕೆಲವರಿಗೆ ಬುದ್ಧಿಯೇ ಭ್ರಮಿಸುತ್ತಿತ್ತು. ಹೆಂಚ್ ಮೋಸಗಾರರಲ್ಲ, ಕಂಡದ್ದನ್ನೇ ತೋರಿಸಿದರು. ಆದರೆ ತಕ್ಕಡಿಯ ಒಂದೇ ತಟ್ಟೆಯನ್ನು ನೋಡಿ ಮಾಲು ಎಷ್ಟು ತೂಗಿತೆಂದು ಹೇಳಲಾದೀತೆ? ಇಲ್ಲಿ ಕೂತ ಕಿರಾಣಿ ಅಂಗಡಿಯವರೇ ಹೇಳಲಿ.

ಇನ್ನೊಂದು ತಟ್ಟೆಯನ್ನು ಇಟ್ಟವರು ಇಂಗ್ಲೆಂಡಿನವರು. ಅಲ್ಲಿನ ಸರಕಾರಿ ವೈದ್ಯ ಸಂಶೋಧನಾ ಮಂಡಳಿಯೂ ನಫೀಲ್ಡ್ ಪ್ರತಿಷ್ಠಾನವೂ ಸೇರಿ, ರೋಗ ಹತ್ತಿ ಬಹಳ ದಿನವಾಗದ 61 ರೋಗಿಗಳನ್ನು ಆರಿಸಿದರು. ಚೀಟಿ ಎತ್ತಿದಂತೆ ಪಾಲು ಮಾಡಿ 30 ಜನಕ್ಕೆ ಕಾರ್ಟಿಸೋನ್, 31 ಜನಕ್ಕೆ ತಲೆನೋವಿಗೆ ನುಂಗುವ ಆ ಹಳೆಯ ಆಸ್ಪಿರಿನ್ ಕೊಟ್ಟರು. ಒಂದು ವರ್ಷ ಕೈಯ ಬಲ, ಕೀಲಿನ ನೋವು, ಕೆಲಸ ಮಾಡುವ ಶಕ್ತಿ ಅಳೆಯುತ್ತ ಹೋದರು. 1954ರಲ್ಲಿ ಲೆಕ್ಕ ಹೊರಬಿತ್ತು: ಎರಡಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ! ನೊಬೆಲ್ ಪಡೆದ ಮದ್ದು ಒಂದು ಕಡೆ, ಬಿಡಿಗಾಸಿನ ಮಾತ್ರೆ ಇನ್ನೊಂದು ಕಡೆ.

ಅಲ್ಲಿಗೇ ಅವರು ಕೈತೊಳೆದುಕೊಳ್ಳಲಿಲ್ಲ ಎಂಬುದು ಮೆಚ್ಚಬೇಕಾದ ಮಾತು. ಕಾರ್ಟಿಸೋನಿನ ತಮ್ಮನಾದ ಪ್ರೆಡ್ನಿಸೋಲೋನನ್ನು ಅದೇ ಬಗೆಯಲ್ಲಿ ತೂಗಿದಾಗ ಎಲುಬಿನ ಸವೆತ ತಗ್ಗಿದ್ದು ಎಕ್ಸ್‌ರೇ ಚಿತ್ರಗಳಲ್ಲಿ ಕಂಡಿತು. ಎಷ್ಟೋ ವರ್ಷಗಳ ಮೇಲೆ, 1995ರಲ್ಲಿ, ದಿನಕ್ಕೆ 7.5 ಮಿಲಿಗ್ರಾಮಿನಷ್ಟು ಅಲ್ಪ ಪ್ರಮಾಣವೂ ಆ ಸವೆತವನ್ನು ತಡೆಯುತ್ತದೆಂದು ಅಲ್ಲಿಯೇ ಇನ್ನೊಂದು ಪರೀಕ್ಷೆ ತೋರಿಸಿತು. ಒಟ್ಟಿನಲ್ಲಿ ಆ ಮದ್ದು ಅಮೃತವೂ ಅಲ್ಲ, ವಿಷವೂ ಅಲ್ಲ. ಎಷ್ಟು, ಎಷ್ಟು ದಿನ ಎಂಬುದೇ ಅದರ ಗುಟ್ಟು. ನಮ್ಮ ಪೇಟೆಯಲ್ಲಿ ಹೆಸರಿಲ್ಲದ ಪೊಟ್ಟಣ ಕೊಟ್ಟು "ಮೂರೇ ದಿನಕ್ಕೆ ಓಡಾಡುವಿ" ಎನ್ನುವವರಿದ್ದಾರೆ. ಅಂಥ ಪುಡಿಯಲ್ಲಿ ಹಲವು ಸಲ ಈ ಜಾತಿಯ ಮದ್ದೇ ಬೆರೆತಿರುತ್ತದೆ. ಎಚ್ಚರವಿರಲಿ. ಈಗಾಗಲೇ ತಿಂಗಳುಗಟ್ಟಲೆ ತಿಂದವರು ಒಮ್ಮೆಗೇ ಬಿಡುವುದೂ ಅಪಾಯ. ಡಾಕ್ಟರ ಮುಂದೆ ಪೊಟ್ಟಣ ಇಟ್ಟು ಕೇಳಿರಿ.

ಚೀಟಿ ಎತ್ತುವುದೇಕೆ, ಡಾಕ್ಟರೇ ಆರಿಸಬಾರದೇಕೆ ಎಂದು ಕೇಳೀರಿ. ನಾವು ಮಾಸ್ತರಿಕೆ ಮಾಡುತ್ತಿದ್ದಾಗ ಒಂದು ಹೊಸ ಪಾಠಕ್ರಮ ಬಂದಿತ್ತು. ನಾವು ಅದನ್ನು ಮುಂದಿನ ಬೆಂಚಿನ ಹುಡುಗರಿಗೆ ಕಲಿಸಿ, ಫಲಿತಾಂಶ ಚೆನ್ನಾಗಿದೆಯೆಂದು ಬೀಗಿ ವರದಿ ಬರೆದೆವು. ಇನ್‌ಸ್ಪೆಕ್ಟರರು ನಕ್ಕರು. ಆ ಹುಡುಗರು ಯಾವ ಪಾಠಕ್ರಮದಲ್ಲಿಯೂ ಪಾಸಾಗುವವರೇ! ಡಾಕ್ಟರೂ ಮನುಷ್ಯ, ಬದುಕುವಂತೆ ಕಂಡವನಿಗೆ ಹೊಸದನ್ನು ಕೊಡುತ್ತಾನೆ, ಇಲ್ಲವೆ ಕನಿಕರ ಹುಟ್ಟಿಸಿದವನಿಗೆ ಕೊಡುತ್ತಾನೆ. ಚೀಟಿಗೆ ಕನಿಕರವಿಲ್ಲ, ಅದಕ್ಕೇ ಅದರ ನ್ಯಾಯ ನೇರ.

ಪರೀಕ್ಷೆ ಸಣ್ಣದಾದರೆ ಒಳ್ಳೆಯ ಮದ್ದೂ ಮೂಲೆ ಸೇರುತ್ತದೆ. ಸಲ್ಫಸಲಾಜಿನ್ ಎಂಬ ಮಾತ್ರೆಯನ್ನು ಸ್ವೀಡನ್ನಿನ ನಾನಾ ಸ್ವಾರ್ಟ್ಸ್ ಎಂಬ ವೈದ್ಯ ಮಹಿಳೆ ಈ ರೋಗಕ್ಕೆಂದೇ ಮಾಡಿಸಿದ್ದರು. 1940ರ ದಶಕದ ಕೊನೆಗೆ ಬ್ರಿಟನ್ನಿನ ಒಂದು ಸಣ್ಣ ಪರೀಕ್ಷೆ ಅದರಿಂದ ಪ್ರಯೋಜನವಿಲ್ಲವೆಂದಿತು. ಸುಮಾರು 30 ವರ್ಷ ಈ ರೋಗಕ್ಕೆ ಅದನ್ನು ಹೆಚ್ಚಾಗಿ ಯಾರೂ ಮುಟ್ಟಲಿಲ್ಲ. 1970ರ ದಶಕದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನ ಡಾಕ್ಟರು ಮತ್ತೆ ತೂಗಿ ನೋಡಿದಾಗ ಅದು ತೂಗಿತು.

ಇಂದು ಈ ರೋಗಕ್ಕೆ ಮುಖ್ಯ ಮದ್ದಾಗಿರುವ ಮೆಥೋಟ್ರೆಕ್ಸೇಟ್ ಸಹ ಹೀಗೆ ಕಾದದ್ದೇ. ಅಮೇರಿಕಾದ ಲೆಡರ್ಲಿ ಕಂಪನಿಯ ಸಂಶೋಧನಾ ಶಾಲೆಯಲ್ಲಿ, ಭೀಮಾವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾಯರ ಮುಂದಾಳುತನದಲ್ಲಿ ಆ ವಂಶದ ಔಷಧಗಳು ತಯಾರಾದದ್ದು ರಕ್ತದ ಕ್ಯಾನ್ಸರಿಗೆಂದು. 1951ರಲ್ಲಿಯೇ ಅದೇ ವಂಶದ ಔಷಧವೊಂದು ಸಂಧಿವಾತಕ್ಕೂ ನಾಟುತ್ತದೆಂದು ಒಬ್ಬ ಡಾಕ್ಟರು ಬರೆದರು. ಆಗ ಎಲ್ಲರ ಕಣ್ಣೂ ಕಾರ್ಟಿಸೋನಿನ ಮೇಲಿತ್ತು. 1985ರಲ್ಲಿ ಬೋಸ್ಟನ್ನಿನಲ್ಲಿ 35 ರೋಗಿಗಳ ಮೇಲೆ ಕಟ್ಟುನಿಟ್ಟಾದ ಪರೀಕ್ಷೆ ನಡೆದ ಮೇಲೆ ಅದಕ್ಕೆ ಮರ್ಯಾದೆ ಬಂತು. ಇದನ್ನು ನುಂಗುವವರು ಒಂದನ್ನು ನೆನಪಿಡಬೇಕು: ಸಂಧಿವಾತಕ್ಕೆ ಇದು ವಾರಕ್ಕೆ ಒಂದೇ ದಿನ. ದಿನಾಲೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಚೀಟಿಯ ಮೇಲೆ ವಾರದ ಹೆಸರನ್ನು ಕನ್ನಡದಲ್ಲಿ ಬರೆಸಿಕೊಳ್ಳಿರಿ. ಬಸುರಿಯರಿಗೆ ಇದು ಸಲ್ಲದು.

ಇಷ್ಟು ಹೊತ್ತು ಹೇಳಿದ್ದು ಈ ಮುಂದಿನ ಮಾತಿಗಾಗಿ. ಇತ್ತೀಚಿನ ದಶಕಗಳಲ್ಲಿ ಬಹು ದುಬಾರಿಯಾದ ಚುಚ್ಚುಮದ್ದುಗಳು ಬಂದಿವೆ, ಇಟಾನರ್ಸೆಪ್ಟ್ ಅವುಗಳಲ್ಲೊಂದು. ಕೆಲವರ ಪಾಲಿಗೆ ಅವು ನಿಜಕ್ಕೂ ಸಂಜೀವಿನಿ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೆಥೋಟ್ರೆಕ್ಸೇಟ್ ಒಂದೇ ಸಾಲದೆ ಹೋದಾಗ ನೇರವಾಗಿ ಚುಚ್ಚುಮದ್ದಿಗೆ ಹೋಗಬೇಕೆ? ಅಥವಾ ಅದರ ಜೊತೆಗೆ ಹಳೆಯ ಸಲ್ಫಸಲಾಜಿನ್ನನ್ನೂ ಮಲೇರಿಯಾ ಮದ್ದಾದ ಹೈಡ್ರಾಕ್ಸಿಕ್ಲೋರೋಕ್ವಿನನ್ನೂ ಸೇರಿಸಿದರೆ ನಡೆದೀತೆ? 1996ರಲ್ಲಿಯೇ ನೆಬ್ರಾಸ್ಕದ ಡಾಕ್ಟರು 102 ರೋಗಿಗಳನ್ನು ಎರಡು ವರ್ಷ ನೋಡಿದ್ದರು. ಮೂರೂ ಮಾತ್ರೆ ತಿಂದವರಲ್ಲಿ ನೂರಕ್ಕೆ 77 ಜನಕ್ಕೆ ಬೇನೆ ಅರ್ಧಕ್ಕರ್ಧ ಇಳಿದಿತ್ತು. ಮೆಥೋಟ್ರೆಕ್ಸೇಟ್ ಒಂದನ್ನೇ ತಿಂದವರಲ್ಲಿ ನೂರಕ್ಕೆ 33.

ಹಾಗಾದರೆ ಮೂರು ಅಗ್ಗದ ಮಾತ್ರೆಗಳನ್ನು ದುಬಾರಿ ಸೂಜಿಯ ಎದುರು ತೂಗಬೇಡವೆ? ತನ್ನ ಮಾಲು ಪಕ್ಕದಂಗಡಿಯ ಅಗ್ಗದ ಮಾಲಿಗೆ ಸಮವೆಂದು ಸಾಬೀತು ಮಾಡಲು ಯಾವ ವರ್ತಕ ಗಂಟು ಬಿಚ್ಚಿಯಾನು? ಸಾರ್ವಜನಿಕ ಹಣವೇ ಬೇಕಾಯಿತು. ಅಮೇರಿಕಾದ ನಿವೃತ್ತ ಸೈನಿಕರ ದವಾಖಾನೆಗಳ ಇಲಾಖೆ ಮುಂದೆ ಬಂತು, ಕೆನಡಾದ ಸರಕಾರಿ ಸಂಸ್ಥೆ ಕೈಜೋಡಿಸಿತು. 353 ರೋಗಿಗಳು, 48 ವಾರ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ನೋಡುವ ಡಾಕ್ಟರಿಗೂ ತಿಳಿಯದು: ಮಾತ್ರೆಯವರಿಗೆ ಸುಳ್ಳು ಸೂಜಿ, ಸೂಜಿಯವರಿಗೆ ಸುಳ್ಳು ಮಾತ್ರೆ. 24 ವಾರಕ್ಕೆ ಗುಣ ಕಾಣದವರನ್ನು ಇನ್ನೊಂದು ಮದ್ದಿಗೆ ಬದಲಿಸಿದರು; ಯಾರನ್ನೂ ನೋವಿನಲ್ಲಿ ಕೊಳೆಯಲು ಬಿಡಲಿಲ್ಲ. 2013ರಲ್ಲಿ ಫಲ ಪ್ರಕಟವಾಯಿತು. ಮೊದಲು ಮೂರು ಮಾತ್ರೆ ಕೊಟ್ಟು, ಸಾಲದಿದ್ದರೆ ಸೂಜಿಗೆ ಹೋಗುವ ಕ್ರಮ ಮೊದಲೇ ಸೂಜಿ ಹಿಡಿಯುವ ಕ್ರಮಕ್ಕಿಂತ ಕಡಿಮೆಯಾಗಿರಲಿಲ್ಲ. ಪಗಾರ ನಂಬಿ ಬದುಕುವವನಿಗೆ ಇದು ಮನೆ ಉಳಿಯುವ ಸುದ್ದಿ. ಈ ಸುದ್ದಿ ನಮಗೆ ಸಿಕ್ಕಿದ್ದು ಆ 353 ಜನ ಸಹಿ ಹಾಕಿದ್ದರಿಂದ.

ಹಾಗೆಂದು ಕಣ್ಣು ಮುಚ್ಚಿ ಸಹಿ ಹಾಕಬೇಕೆ? ಕೂಡದು. ನಮ್ಮ ದೇಶದಲ್ಲಿ ಹೊಸ ಔಷಧಗಳ ಪರೀಕ್ಷೆಗೆ 2019ರ ನಿಯಮಗಳಿವೆ. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿಯೇ ಒಪ್ಪಿಗೆ ಪಡೆಯಬೇಕು; ಓದು ಬಾರದವರಿದ್ದರೆ ನಿಷ್ಪಕ್ಷಪಾತಿ ಸಾಕ್ಷಿ ಪಕ್ಕದಲ್ಲಿರಬೇಕು. ನಡುವೆ ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಅದರಿಂದ ಮಾಮೂಲಿನ ಚಿಕಿತ್ಸೆಗೆ ಸಂಚಕಾರವಿಲ್ಲ. ಪರೀಕ್ಷೆಯಿಂದ ಹಾನಿಯಾದರೆ ಪುಕ್ಕಟೆ ಚಿಕಿತ್ಸೆಯೂ ಪರಿಹಾರಧನವೂ ಸಲ್ಲಬೇಕು. ಅನುಮತಿ ಕೊಡುವ ನೀತಿ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ಅವರಲ್ಲಿ ಒಬ್ಬ ಹೆಂಗಸು, ಒಬ್ಬ ಕಾನೂನು ಬಲ್ಲವರು, ಒಬ್ಬ ಸಾಮಾನ್ಯ ನಾಗರಿಕ ಇರಲೇಬೇಕು. ಪರೀಕ್ಷೆ ರಾಷ್ಟ್ರೀಯ ದಾಖಲೆ ಪುಸ್ತಕದಲ್ಲಿ ನಮೂದಾಗಿರಬೇಕು. 2009ರಿಂದ ಇದು ಕಡ್ಡಾಯ, ಅಲ್ಲಿ ಪ್ರತಿಯೊಂದಕ್ಕೂ ಒಂದು ನಂಬರು ಇರುತ್ತದೆ. ಕಾಯಿದೆ ಕಾಗದದ ಮೇಲೆ ಎಷ್ಟು ಚೆಂದ ಎಂಬುದು ನಮಗೆ ನಿಮಗೆ ಹೊಸತಲ್ಲ. ಕೇಳುವವರಿದ್ದಾಗ ಮಾತ್ರ ಅದಕ್ಕೆ ಜೀವ.

ಆ ತಾಯಿಯನ್ನು ಮತ್ತೆ ಕರೆಸಿ, ನಾವು ಸಹಿ ಹಾಕಿರೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಪಾಟಿಯ ಮೇಲೆ ಬರೆದಂತೆ ದಪ್ಪಕ್ಷರದಲ್ಲಿ ನಾಲ್ಕು ಪ್ರಶ್ನೆ ಬರೆದುಕೊಟ್ಟೆವು. ಇದರ ಕನ್ನಡ ಪ್ರತಿ ಎಲ್ಲಿ? ದಾಖಲೆಯ ನಂಬರು ಯಾವುದು? ಹೊಸ ಮದ್ದಿನ ಚೀಟಿ ನನಗೆ ಬಾರದಿದ್ದರೆ ನನಗೆ ಕೊಡುವುದೇನು, ಈಗ ತಿನ್ನುತ್ತಿರುವುದನ್ನು ನಿಲ್ಲಿಸುತ್ತೀರಾ? ನಿಮ್ಮ ಪರೀಕ್ಷೆ ಮುಗಿದ ಮಾರನೆಯ ದಿನ ಆ ಮದ್ದು ನನಗೆ ಯಾರು ಕೊಡುತ್ತಾರೆ?

ಮಗನನ್ನೂ ಕರೆದುಕೊಂಡು ಹೋಗಿ ಕೇಳಿ ಬಂದಿದ್ದಾರೆ. ಕನ್ನಡ ಪ್ರತಿ ಒಳಗಿನ ಕಪಾಟಿನಲ್ಲಿಯೇ ಇತ್ತಂತೆ; ಕೇಳಿದ ಮೇಲೆ ಹೊರಬಂತು. ನಂಬರು ಸಿಕ್ಕಿತು. ಮೂರನೆಯದಕ್ಕೂ ನೇರ ಉತ್ತರ ಕೊಟ್ಟರು: ಹಳೆಯ ಮದ್ದು ನಿಲ್ಲುವುದಿಲ್ಲ. ನಾಲ್ಕನೆಯದಕ್ಕೆ ಚಿಕ್ಕ ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, ದೊಡ್ಡವರನ್ನು ಕೇಳಿ ಬರೆದುಕೊಡುತ್ತೇನೆ ಎಂದರಂತೆ. ಸೋಮವಾರ ಮತ್ತೆ ಹೋಗುತ್ತಾರೆ. ಆ ದಿನದ ಪಗಾರ ಕತ್ತರಿಸಬಾರದೆಂದು ಗಿರಣಿಯ ಆಫೀಸಿಗೆ ಅರ್ಜಿ ಬರೆದಿದ್ದೇವೆ. ಹೊರಗೆ ಮೇಜಿನ ಮೇಲಿದೆ. ವೈಂಡಿಂಗ್ ಖಾತೆಯವರು ಹೋಗುವಾಗ ಅದಕ್ಕೆ ಸಹಿ ಹಾಕಿರಿ. ಅದು ಕನ್ನಡದಲ್ಲಿಯೇ ಇದೆ.