ಆಡಳಿತ ಸೇವೆಯ ಪರೀಕ್ಷೆಯೂ ಕನ್ನಡ ಶಾಲೆಯ ಮಕ್ಕಳೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾಸರಗೋಡಿನ ನಾವು ಎಲ್ಲಿ ಸೇರಿದರೂ ನಮ್ಮ ಮಾತು 1956ರ ನವೆಂಬರ್ 1ನೆಯ ತಾರೀಖಿನ ಸುತ್ತಲೇ ಸುಳಿಯುವುದು ವಾಡಿಕೆ. ಆ ನೋವು ಸಹಜವಾದುದೇ. ಆದರೆ ಇಂದು ನಾವು ಬೇರೊಂದು ವಿಷಯವನ್ನು ತಮ್ಮ ಮುಂದಿಡಬಯಸುತ್ತೇವೆ. ಕನ್ನಡದ ಅರ್ಜಿಯನ್ನು ಕೈಯಲ್ಲಿ ಹಿಡಿದು, ಅದನ್ನು ಓದಬಲ್ಲವರು ಯಾವಾಗ ಬಂದಾರೆಂದು ಕಚೇರಿಯ ಮೆಟ್ಟಿಲ ಮೇಲೆ ಕಾದು ಕುಳಿತ ಹಿರಿಯರನ್ನು ನಾವು ಕಂಡಿದ್ದೇವೆ. ಅವರ ಮೊಮ್ಮಕ್ಕಳು ಒಳಗಿನ ಕುರ್ಚಿಯಲ್ಲಿ ಕುಳಿತುಕೊಳ್ಳಲಾರರೇ? ಅದಕ್ಕಿರುವ ದಾರಿಗಳಲ್ಲಿ ದೊಡ್ಡದು, ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆ.

ಕನ್ನಡ ಶಾಲೆಯಲ್ಲಿ ಕಲಿತವರಿಗೆ ಆ ಪರೀಕ್ಷೆ ಎಟುಕದೆಂಬ ಮಾತು ನಮ್ಮ ಮನೆಗಳಲ್ಲಿ ಹಬ್ಬಿದೆ. ಈ ಭಯದಿಂದಲೇ ಎಷ್ಟೋ ಮಕ್ಕಳನ್ನು ಒಂದನೆಯ ತರಗತಿಯಲ್ಲಿಯೇ ಕನ್ನಡದಿಂದ ಬಿಡಿಸುತ್ತಿದ್ದೇವೆ. ಇದರಲ್ಲಿ ನಿಜವೆಷ್ಟು ಎಂಬುದನ್ನು ಪರೀಕ್ಷೆಯ ನಿಯಮಗಳಿಂದಲೇ ನೋಡೋಣ.

ಮಾನ್ಯತೆ ಪಡೆದ ವಿಶ್ವವಿದ್ಯಾನಿಲಯದ ಯಾವುದೇ ಪದವಿ ಇದ್ದು 21 ವರ್ಷ ತುಂಬಿದವರು ಈ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಯಾವ ಮಾಧ್ಯಮದ ಶಾಲೆಯಲ್ಲಿ ಕಲಿತಿರಿ ಎಂಬುದು ಅರ್ಹತೆಗೆ ಅಡ್ಡಿಯಲ್ಲ. ಮೊದಲನೆಯದು ಪೂರ್ವಭಾವಿ ಪರೀಕ್ಷೆ. ಅದರ ಪ್ರಶ್ನೆಗಳು ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ ಇರುತ್ತವೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಪಾಲು ಕಳೆಯುತ್ತದೆ. ಎರಡನೆಯದು ಒಂಬತ್ತು ಪತ್ರಿಕೆಗಳ ಮುಖ್ಯ ಪರೀಕ್ಷೆ. ಇಲ್ಲಿಯೂ ಸಾಮಾನ್ಯ ಜ್ಞಾನದ ಪ್ರಶ್ನೆಗಳು ಅವೆರಡು ಭಾಷೆಗಳಲ್ಲಿಯೇ ಇದ್ದರೂ, ಉತ್ತರವನ್ನು ಕನ್ನಡದಲ್ಲಿ ಬರೆಯಬಹುದು. ಪಾರಿಭಾಷಿಕ ಪದಗಳ ಇಂಗ್ಲಿಷ್ ರೂಪವನ್ನು ಪಕ್ಕದಲ್ಲಿ ಕೊಡಲೂ ಅನುಮತಿಯಿದೆ. ಹಾಗೆ ಬರೆದವರು 275 ಅಂಕಗಳ ಸಂದರ್ಶನದಲ್ಲಿಯೂ ಕನ್ನಡದಲ್ಲಿ ಮಾತನಾಡಬಹುದು.

ಅಷ್ಟೇ ಅಲ್ಲ. ಆ ಒಂಬತ್ತರಲ್ಲಿ ಒಂದು ಭಾರತೀಯ ಭಾಷೆಯ ಪತ್ರಿಕೆ, ಒಂದು ಇಂಗ್ಲಿಷ್ ಪತ್ರಿಕೆ. ಒಂದೊಂದಕ್ಕೆ 300 ಅಂಕ. ಎರಡರಲ್ಲಿಯೂ ನೂರಕ್ಕೆ 25ರಂತೆ ಬಾರದಿದ್ದರೆ ಉಳಿದ ಪತ್ರಿಕೆಗಳ ಅಂಕ ಲೆಕ್ಕಕ್ಕೇ ಬಾರದು. ಪ್ರಬಂಧ, ಸಂಕ್ಷೇಪ, ಭಾಷಾಂತರಗಳನ್ನು ಒಂದು ದೇಶಭಾಷೆಯಲ್ಲಿ ನೆಟ್ಟಗೆ ಬರೆಯಲಾರದವರಿಗೂ ಬಾಗಿಲು ಮುಚ್ಚಿದೆ, ಇಂಗ್ಲಿಷ್ ಬಾರದವರಿಗೂ ಮುಚ್ಚಿದೆ. ಆದುದರಿಂದ ಕನ್ನಡವನ್ನು ಬಿಡುವುದು ಸಿದ್ಧತೆಯಲ್ಲ. ಕನ್ನಡವನ್ನು ಗಟ್ಟಿಮಾಡಿಕೊಂಡು ಇಂಗ್ಲಿಷನ್ನು ಚೆನ್ನಾಗಿ ಓದಿ ತಿಳಿಯಬಲ್ಲವರಾಗುವುದೇ ಸಿದ್ಧತೆ. ಹಲವು ಭಾಷೆಗಳನ್ನು ಬಲ್ಲ ಮಂಜೇಶ್ವರದ ಗೋವಿಂದ ಪೈಗಳು ಬಾಳಿದ ನೆಲ ನಮ್ಮದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳವೆಂದು ಬೆಳೆದ ಮಗುವಿಗೆ ಇನ್ನೊಂದು ಭಾಷೆ ಹೊರೆಯಾಗಬೇಕಾಗಿಲ್ಲ.

ಐಚ್ಛಿಕ ವಿಷಯವಾಗಿ ಕನ್ನಡ ಸಾಹಿತ್ಯವನ್ನೇ ಆರಿಸಿಕೊಳ್ಳಲು ಅವಕಾಶವಿದೆ. ಅದಕ್ಕೆ 500 ಅಂಕ. ಕುಮಾರವ್ಯಾಸನ ಕರ್ಣಪರ್ವವೂ ಕಾರಂತರ ‘ಬೆಟ್ಟದ ಜೀವ’ವೂ ಅದರ ಪಠ್ಯಗಳು. ತಾಳಮದ್ದಳೆಯಲ್ಲಿ ಕರ್ಣ ಶಲ್ಯರ ವಾದವನ್ನು ನಿದ್ದೆಗೆಟ್ಟು ಕೇಳಿದ ನಮ್ಮ ಮಕ್ಕಳಿಗೆ ಇವು ಅಪರಿಚಿತವೇ? 2013ರಲ್ಲಿ ದೇಶಭಾಷೆಗಳ ಅವಕಾಶವನ್ನು ಕುಗ್ಗಿಸುವ ನಿಯಮಗಳು ಹೊರಟಾಗ ದೇಶದಾದ್ಯಂತ ಪ್ರತಿಭಟನೆ ನಡೆದು, ಅವುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ದೊರೆತ ಅವಕಾಶವನ್ನು ಬಳಸದೆ ಬಿಟ್ಟರೆ ಅದು ಉಳಿಯುವುದೆಂಬ ಭರವಸೆಯಿಲ್ಲ.

ಆದರೆ ತೊಡಕುಗಳನ್ನು ಮುಚ್ಚಿಡುವುದು ತರವಲ್ಲ. ಈ ಪರೀಕ್ಷೆಗೆ ಬೇಕಾದ ಪುಸ್ತಕಗಳು ಕನ್ನಡದಲ್ಲಿ ಕಡಿಮೆ. ತೇರ್ಗಡೆಯಾಗುವವರಲ್ಲಿ ಬಹುಪಾಲು ಇಂಗ್ಲಿಷಿನಲ್ಲಿ ಬರೆದವರೇ. ಕನ್ನಡದಲ್ಲಿ ಬರೆಯುವವರು ಇಂಗ್ಲಿಷಿನಲ್ಲಿ ಓದಿ, ತಾವೇ ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳಬೇಕಾಗುತ್ತದೆ. ಸಾಮಾನ್ಯ ಜ್ಞಾನದ ಒಂದು ಪತ್ರಿಕೆಯಲ್ಲಿ ಮೂರು ಗಂಟೆಗೆ 20 ಪ್ರಶ್ನೆಗಳು. ಒಂದಕ್ಕೆ ದೊರೆಯುವುದು ಒಂಬತ್ತೇ ನಿಮಿಷ. ದಿನಕ್ಕೆರಡು ಉತ್ತರಗಳನ್ನಾದರೂ ಗಡಿಯಾರವಿಟ್ಟು ಬರೆದು, ಬಲ್ಲವರಿಂದ ತಿದ್ದಿಸಿಕೊಳ್ಳದೆ ಆ ವೇಗ ಬಾರದು. ಸಾಮಾನ್ಯ ವರ್ಗದವರಿಗೆ ಆರು ಪ್ರಯತ್ನಗಳು, 32 ವರ್ಷದ ವಯೋಮಿತಿ. ಬಾರದಿದ್ದರೆ ಮುಂದೇನೆಂಬುದನ್ನೂ ಮೊದಲೇ ಯೋಚಿಸಿರಬೇಕು. ಸೋತ ಮಗುವನ್ನು ಹಂಗಿಸುವುದು ಹೆತ್ತವರಿಗೆ ಶೋಭಿಸದು.

ಸಂಘದಿಂದಲೂ ಒಂದು ಕೆಲಸವಾಗಬೇಕು. ನಮ್ಮ ವಾಚನಾಲಯದಲ್ಲಿ ಒಂದು ಕನ್ನಡ ಪತ್ರಿಕೆ, ಒಂದು ಇಂಗ್ಲಿಷ್ ಪತ್ರಿಕೆ, ಸಂವಿಧಾನದ ಪ್ರತಿ, ಶಾಲಾ ಪಠ್ಯಪುಸ್ತಕಗಳು, ಇವಿಷ್ಟಿದ್ದು, ನಿವೃತ್ತ ಅಧ್ಯಾಪಕರು ವಾರಕ್ಕೊಮ್ಮೆ ಕುಳಿತು ಮಕ್ಕಳ ಬರಹವನ್ನು ತಿದ್ದಿಕೊಟ್ಟರೆ ಅದೇ ದೊಡ್ಡ ಉಪಕಾರ.

ಆರಿಸಿಬಂದವರು ಕಾಸರಗೋಡಿಗೇ ಬರುವರೆಂದು ನಾವು ಹೇಳಲಾರೆವು. ಯಾವ ರಾಜ್ಯಕ್ಕಾದರೂ ಹೋಗಬೇಕಾದೀತು. ಹೋಗಲಿ. ಅಲ್ಲಿಯೂ ಕಚೇರಿಯ ಭಾಷೆ ತಿಳಿಯದ ಒಬ್ಬ ಮುದುಕ ಮೆಟ್ಟಿಲ ಮೇಲೆ ಕುಳಿತಿರುತ್ತಾನೆ. ಅವನನ್ನು ಒಳಗೆ ಕರೆಯುವ ಅಧಿಕಾರಿ ನಮ್ಮ ಕನ್ನಡ ಶಾಲೆಯಲ್ಲಿ ಕಲಿತವರಾಗಿದ್ದರೆ ನಮಗೆ ಅಷ್ಟೇ ಸಾಕು.