ಬೆಣ್ಣೆಹಣ್ಣಿನ ಎಣ್ಣೆ ಅಡುಗೆಗೆ

ಜಯಪುರದ ಸುತ್ತಿನ ಕಾಫಿ ತೋಟಗಳಲ್ಲಿರುವ ನಿಮಗೆ ಬೆಣ್ಣೆಹಣ್ಣು ಹೊಸತಲ್ಲ. ಅದರ ಎಣ್ಣೆ ಮಾತ್ರ ಅಂಗಡಿಯ ಬಾಟಲಿಯಲ್ಲೇ ಬರುತ್ತದೆ, ಬೆಲೆಯೂ ಬಲು ದುಬಾರಿ. ಆದ್ದರಿಂದ ಕೊಳ್ಳುವ ಮೊದಲು ಎರಡು ಮಾತು.

ಈ ಎಣ್ಣೆ ಬೀಜದ್ದಲ್ಲ, ತಿರುಳಿನದು. ಸಂಸ್ಕರಿಸಿದ್ದು ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೂ ಹೊಗೆಯಾಡದು. ಸಂಸ್ಕರಿಸದ ಹಸಿರು ಎಣ್ಣೆ ಅದಕ್ಕಿಂತ ಬೇಗ ಹೊಗೆಯಾಡುತ್ತದೆ. ಆದರೆ ಕರಿಯುವುದಕ್ಕೆ ಸಾಧಾರಣವಾಗಿ 180 ಡಿಗ್ರಿ ಸಾಕಲ್ಲವೇ? ಅಷ್ಟಕ್ಕೆ ಬಾಣಲೆ ತುಂಬ ಇದನ್ನು ಸುರಿಯುವುದು ದುಂದು. ಹಲಸಿನ ಹಪ್ಪಳಕ್ಕಂತೂ ಕೊಬ್ಬರಿ ಎಣ್ಣೆಯ ಘಮವೇ ಬೇಕು! ಹಸಿರು ಎಣ್ಣೆಯನ್ನು ಕೋಸಂಬರಿಗೆ ಒಂದು ಚಮಚ ಹಾಕಿ, ಅಕ್ಕಿರೊಟ್ಟಿಯ ಕಾವಲಿಗೆ ಸವರಿ.

ಮುಖ್ಯವಾದದ್ದು ಕಲಬೆರಕೆ. ಅಮೆರಿಕದ ಮಾರುಕಟ್ಟೆಯ ಈ ಎಣ್ಣೆಗಳನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ವಿಭಾಗದವರು ಪರೀಕ್ಷಿಸಿ 2020ರಲ್ಲಿ ವರದಿ ಮಾಡಿದರು. ಶೇಕಡಾ 82 ಮಾದರಿಗಳು ಅವಧಿಗೆ ಮೊದಲೇ ಹಳಸಿದ್ದವು, ಇಲ್ಲವೇ ಬೇರೆ ಎಣ್ಣೆ ಬೆರೆತವು. ಮುಚ್ಚಳ ತೆಗೆದೊಡನೆ ಮೂಸಿ ನೋಡಿ. ಕಮಟು ವಾಸನೆ ಬಂದರೆ ಹಿಂದಿರುಗಿಸಿ. ಚಿಕ್ಕ, ಕಪ್ಪು ಗಾಜಿನ ಬಾಟಲಿಯನ್ನೇ ಕೊಳ್ಳಿ, ಒಲೆಯ ಪಕ್ಕ ಇಡಬೇಡಿ.

ಮನೆಯಲ್ಲೇ ಎಣ್ಣೆ ತೆಗೆಯಬಹುದೇ ಎಂದು ಕೇಳುವಿರಿ. ತೆಗೆಯಬಹುದು, ಆದರೆ ತಿರುಳಿನಲ್ಲಿ ನೀರಿನಂಶವೇ ಹೆಚ್ಚು. ಅದು ಉಳಿದರೆ ಎಣ್ಣೆ ಬೇಗ ಕೆಡುತ್ತದೆ. ತೋಟದಲ್ಲೇ ಹಣ್ಣಿರುವಾಗ ಅಷ್ಟು ಪಾಡೇಕೆ? ಮಾಗಿದ ತಿರುಳನ್ನೇ ಚಪಾತಿ ಹಿಟ್ಟಿಗೆ ಹಾಕಿ ನಾದಿ. ಹಿಟ್ಟಿಗೆ ಬೇರೆ ಎಣ್ಣೆ ಬೇಡ.